ಕನ್ವರ್ಟರ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸುವ ಮೊದಲು: ಮೈನಸ್ ಬೇರೆ ಬೇರೆ ಇದೆಯಾ? (ಪದೇ ಪದೇ ಕೇಳುವ ಪ್ರಶ್ನೆಗಳು)

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಚಿಕ್ಕ ರಿಪೇರಿ ಕೋಣೆ ಇದೆ. ಭಾನುವಾರ ಬೆಳಗ್ಗೆ ಡಿಪ್ಲೊಮಾ, ಐಟಿಐ ಓದುವ ಮಕ್ಕಳು ಬರುತ್ತಾರೆ. ವಾರದ ಉಳಿದ ದಿನ ಮಂಡ್ಯ, ಪಾಂಡವಪುರ, ಮದ್ದೂರು ಕಡೆಯವರು ಆಂಪ್ಲಿಫೈಯರು, ಸೋಲಾರ್ ಲೈಟು, ಪಂಪ್‌ಸೆಟ್ ಸ್ಟಾರ್ಟರ್ ಬೋರ್ಡು ಹಿಡಿದುಕೊಂಡು ಬರುತ್ತಾರೆ. ಎಲ್ಲರ ಪ್ರಶ್ನೆ ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತದೆ: "ಎರಡು ಕನ್ವರ್ಟರ್ ಸೇರಿಸಿದರೆ ವೋಲ್ಟೇಜ್ ಕೂಡುತ್ತಾ ಸಾರ್?" ಕನ್ವರ್ಟರ್ ಅಂದರೆ ಒಂದು ವೋಲ್ಟೇಜನ್ನು ಇನ್ನೊಂದಾಗಿ ಬದಲಿಸುವ ಅಡಾಪ್ಟರ್, ಚಾರ್ಜರ್, ಚಿಕ್ಕ ಬೋರ್ಡು ಇಂಥವು. ನಾನು ಮೊದಲು ಕೇಳುವುದು, ಎರಡರ ಮೈನಸ್ ಬೇರೆ ಬೇರೆ ಇದೆಯಾ ಅಂತ. ಇದಕ್ಕೆ ಉತ್ತರ ಗೊತ್ತಿಲ್ಲದೆ ತಂತಿ ಜೋಡಿಸಬೇಡಿ. ಕೆಳಗೆ ಬರೆದಿರುವ ಬಹುಪಾಲು ಇದೇ ಒಂದು ಮಾತಿನ ವಿವರ.

ಎರಡು 12 ವೋಲ್ಟ್ ಅಡಾಪ್ಟರ್ ಸೇರಿಸಿ 24 ವೋಲ್ಟ್ ಮಾಡಬಹುದಾ?

ಮಾಡಬಹುದು. ಗೋಡೆಯ ಸಾಕೆಟ್‌ಗೆ ಹಾಕುವ, ಎರಡೇ ಪಿನ್ ಇರುವ ಒಳ್ಳೆಯ ಅಡಾಪ್ಟರ್ ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಒಂದರ ಪ್ಲಸ್ ಅನ್ನು ಇನ್ನೊಂದರ ಮೈನಸ್‌ಗೆ ಜೋಡಿಸಿ, ಇದೇ ಸೀರೀಸ್. ಉಳಿದ ಎರಡು ತುದಿಗಳ ನಡುವೆ 24 ವೋಲ್ಟ್ ಸಿಗುತ್ತದೆ.

ಟಾರ್ಚಿಗೆ ಸೆಲ್ ಹಾಕುವುದೂ ಹೀಗೇ ಅಲ್ವಾ? ಆದರೆ ಸೆಲ್ಲಿಗೂ ಕನ್ವರ್ಟರಿಗೂ ಒಂದು ವ್ಯತ್ಯಾಸ ಇದೆ. ಸೆಲ್ಲಿನ ಎರಡು ತುದಿಯೂ ಬೇರೆ ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ. ಕನ್ವರ್ಟರಿನ ಮೈನಸ್ ಒಳಗಡೆ ಎಲ್ಲಿಗೋ ಜೋಡಣೆಯಾಗಿರಬಹುದು. ಬ್ಯಾಟರಿಯ ಮೈನಸ್‌ಗೆ, ಅರ್ತಿಂಗ್‌ಗೆ, ಕೆಲವು ಸಲ ನೇರವಾಗಿ 230 ವೋಲ್ಟ್ ಲೈನಿಗೆ. ಹೊರಗಿನಿಂದ ನೋಡಿದರೆ ಅದು ಕಾಣುವುದಿಲ್ಲ.

ಐಸೊಲೇಷನ್ ಅಂದರೆ ಏನು? ಇನ್ಸುಲೇಷನ್ ಬೇರೆಯಾ?

ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ಸುಲೇಷನ್. ಒಂದು ಸರ್ಕ್ಯೂಟಿನಿಂದ ಇನ್ನೊಂದಕ್ಕೆ ತಂತಿಯ ದಾರಿಯೇ ಇಲ್ಲದಂತೆ ಮಾಡಿ, ಶಕ್ತಿಯನ್ನು ಮಾತ್ರ ದಾಟಿಸುವುದು ಐಸೊಲೇಷನ್.

ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಜಲಾಶಯಗಳ ಮಟ್ಟ ಇರುತ್ತದೆ. ಕೆಆರ್‌ಎಸ್ ತುಂಬಿದರೆ 124.80 ಅಡಿ. ಕಬಿನಿ ತುಂಬಿದರೆ 2284 ಅಡಿ. ಹಾಗಂತ ಕಬಿನಿ ಕೆಆರ್‌ಎಸ್‌ಗಿಂತ ಹದಿನೆಂಟು ಪಟ್ಟು ಆಳವಾ? ಅಲ್ಲ. ಕಬಿನಿಯನ್ನು ಸಮುದ್ರ ಮಟ್ಟದಿಂದ ಅಳೆಯುತ್ತಾರೆ. ಕೆಆರ್‌ಎಸ್ ಅನ್ನು ಅಲ್ಲೇ ಕಟ್ಟೆಯ ಬುಡದ ಮಟ್ಟದಿಂದ ಅಳೆಯುತ್ತಾರೆ. ಎಲ್ಲಿಂದ ಅಳೆದರು ಅನ್ನುವುದು ಗೊತ್ತಿಲ್ಲದಿದ್ದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ವೋಲ್ಟೇಜೂ ಹಾಗೇ. 12 ವೋಲ್ಟ್ ಅಂದರೆ ಎರಡು ಜಾಗಗಳ ನಡುವಿನ ಅಂತರ, ಅಷ್ಟೇ. ಐಸೊಲೇಟೆಡ್ ಕನ್ವರ್ಟರಿನ ಔಟ್‌ಪುಟ್‌ಗೆ ತನ್ನದೇ ಸೊನ್ನೆ ಇರುತ್ತದೆ. ಆ ಸೊನ್ನೆಯನ್ನು ಇನ್ನೊಂದು ಕನ್ವರ್ಟರಿನ 12 ವೋಲ್ಟ್ ಮೇಲೆ ಇಟ್ಟರೂ ಅದಕ್ಕೆ ಬೇಸರವಿಲ್ಲ. ಐಸೊಲೇಷನ್ ಇಲ್ಲದ ಕನ್ವರ್ಟರಿನ ಸೊನ್ನೆಯನ್ನು ಅದರ ಇನ್‌ಪುಟ್ ಆಗಲೇ ಒಂದು ಕಡೆ ಕಟ್ಟಿಹಾಕಿರುತ್ತದೆ. ಅದನ್ನು ಎತ್ತಿ ಬೇರೆ ಕಡೆ ಇಡಲು ಹೋದರೆ ಶಾರ್ಟ್ ಆಗುತ್ತದೆ.

ತಂತಿ ಇಲ್ಲದೆ ಶಕ್ತಿ ದಾಟುವುದು ಹೇಗೆ? ಟ್ರಾನ್ಸ್‌ಫಾರ್ಮರ್‌ನಲ್ಲಿ ಎರಡು ಸುರುಳಿ ಇರುತ್ತವೆ. ಒಂದರ ತಂತಿ ಇನ್ನೊಂದನ್ನು ಮುಟ್ಟುವುದಿಲ್ಲ. ನಡುವೆ ಓಡಾಡುವುದು ಆಯಸ್ಕಾಂತದ ಬಲ ಮಾತ್ರ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದಾಗಲೂ ಕೆಲಸ ಮಾಡಿದ್ದು ಇದೇ ತತ್ವ. ಇವತ್ತು ನಿಮ್ಮ ಮೊಬೈಲ್ ಚಾರ್ಜರ್ ಒಳಗೂ ಅದೇ ಇದೆ. ಕಬ್ಬಿಣದ ಬದಲು ಫೆರೈಟ್ ಕೋರ್, ಸೆಕೆಂಡಿಗೆ 50 ಸಲದ ಬದಲು ಸಾವಿರಾರು ಸಲ. ಔಟ್‌ಪುಟ್ ವೋಲ್ಟೇಜ್ ಸರಿಯಿದೆಯಾ ಅನ್ನುವ ಸುದ್ದಿಯೂ ತಂತಿಯಲ್ಲಿ ಹಿಂದಕ್ಕೆ ಹೋಗಬಾರದು. ಹೆಚ್ಚಿನ ಚಾರ್ಜರ್‌ಗಳಲ್ಲಿ ಅದು ಆಪ್ಟೋಕಪ್ಲರ್ ಅನ್ನುವ ನಾಲ್ಕು ಕಾಲಿನ ಚಿಕ್ಕ ಐಸಿ ಒಳಗೆ ಬೆಳಕಾಗಿ ದಾಟುತ್ತದೆ. ಹಳೆಯ ಚಾರ್ಜರ್ ಬಿಚ್ಚಿದಾಗ ಪಿಸಿ817 ಅಂತ ಬರೆದಿರುವುದು ಕಂಡರೆ ಅದೇ.

ಒಂದೇ ಬ್ಯಾಟರಿಯಿಂದ ಎರಡು ಬಕ್ (ವೋಲ್ಟೇಜ್ ಇಳಿಸುವ) ಕನ್ವರ್ಟರ್ ಓಡಿಸಿ ಔಟ್‌ಪುಟ್‌ಗಳನ್ನು ಸೀರೀಸ್ ಮಾಡಿದೆ. ವೋಲ್ಟೇಜ್ ಬರಲಿಲ್ಲ, ಬಿಸಿಯಾಯಿತು. ಯಾಕೆ?

ಭಾನುವಾರದ ಮಕ್ಕಳಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಇದನ್ನು ಮಾಡಿಯೇ ಮಾಡುತ್ತಾರೆ. ಎಲ್‌ಎಂ2596 ಅನ್ನುವ ಬಕ್ ಐಸಿ ಹಾಕಿದ ನೀಲಿ ಬೋರ್ಡು ಎಲ್ಲರ ಬಳಿಯೂ ಇರುತ್ತದೆ. ಅದನ್ನು ತಿರುಗಿಸಿ ಹಿಂಬದಿ ನೋಡಿ. ಇನ್‌ಪುಟ್ ಮೈನಸ್ ಮತ್ತು ಔಟ್‌ಪುಟ್ ಮೈನಸ್ ಎರಡೂ ಒಂದೇ ತಾಮ್ರದ ಪಟ್ಟಿ.

ಈಗ ಬೆರಳು ಇಟ್ಟು ದಾರಿ ಹಿಡಿಯಿರಿ. ಒಂದನೆಯ ಬೋರ್ಡಿನ ಪ್ಲಸ್ ಅನ್ನು ಎರಡನೆಯದರ ಮೈನಸ್‌ಗೆ ಕೊಟ್ಟಿರಿ. ಎರಡನೆಯದರ ಮೈನಸ್ ಅಂದರೆ ಬ್ಯಾಟರಿ ಮೈನಸ್. ಒಂದನೆಯದರ ಮೈನಸ್ ಕೂಡ ಅದೇ ಬ್ಯಾಟರಿ ಮೈನಸ್. ಹಾಗಾದರೆ ಒಂದನೆಯ ಬೋರ್ಡಿನ ಪ್ಲಸ್ ಅನ್ನು ಅದರದೇ ಮೈನಸ್‌ಗೆ ಕೊಟ್ಟ ಹಾಗಾಯಿತು. ನೇರ ಶಾರ್ಟ್. ಎಲ್‌ಎಂ2596 ಐಸಿಯಲ್ಲಿ ಕರೆಂಟ್ ಲಿಮಿಟ್ ಇದೆ, ತುಂಬ ಬಿಸಿಯಾದರೆ ತಾನೇ ನಿಲ್ಲುತ್ತದೆ. ಅದಕ್ಕೇ ಬೋರ್ಡು ಉಳಿಯಿತು. ಎಲ್ಲ ಬೋರ್ಡುಗಳೂ ಅಷ್ಟು ಒಳ್ಳೆಯವಲ್ಲ.

12 ವೋಲ್ಟ್ ಬ್ಯಾಟರಿಯಿಂದ 24 ವೋಲ್ಟ್ ಬೇಕಾದರೆ ಸುಮ್ನೆ ಒಂದು ಬೂಸ್ಟ್ (ವೋಲ್ಟೇಜ್ ಏರಿಸುವ) ಕನ್ವರ್ಟರ್ ಹಾಕಿ. 24 ವೋಲ್ಟ್‌ನಲ್ಲಿ 5 ಆಂಪ್ ಅಂದರೆ 120 ವಾಟ್. ನೂರಕ್ಕೆ ತೊಂಬತ್ತು ಪಾಲು ಹೊರಗೆ ಬರುತ್ತದೆ ಅಂದುಕೊಂಡರೂ ಬ್ಯಾಟರಿಯಿಂದ 11 ಆಂಪಿಗಿಂತ ಜಾಸ್ತಿ ಎಳೆಯುತ್ತದೆ. ತಂತಿ ಅದಕ್ಕೆ ತಕ್ಕಂತೆ ದಪ್ಪ ಇರಲಿ.

ಬ್ಯಾಟರಿಗಳು ಬೇರೆ ಬೇರೆ ಇದ್ದರೆ?

ಆಗ ಅದೇ ನೀಲಿ ಬೋರ್ಡುಗಳೂ ಸೀರೀಸ್ ಆಗುತ್ತವೆ. ಮೈನಸ್‌ಗಳು ಬೇರೆ ಬೇರೆ ಆದವು ನೋಡಿ! ಆದರೆ ಒಂದು ಕಡೆ ಎಡವುತ್ತಾರೆ. ರಾತ್ರಿ ಎರಡೂ ಬ್ಯಾಟರಿಗೆ ಒಂದೇ ಚಾರ್ಜರ್ ಹಾಕುತ್ತಾರೆ, ಔಟ್‌ಪುಟ್ ಜೋಡಣೆ ಬಿಚ್ಚುವುದಿಲ್ಲ. ಚಾರ್ಜರಿನ ಮೂಲಕ ಮೈನಸ್‌ಗಳು ಮತ್ತೆ ಒಂದಾಗಿ, ಹಗಲು ಚೆನ್ನಾಗಿದ್ದದ್ದು ರಾತ್ರಿ ಶಾರ್ಟ್ ಆಗುತ್ತದೆ.

ನನ್ನ ಹತ್ತಿರ ಇರುವುದು ಐಸೊಲೇಟೆಡ್ ಹೌದೋ ಅಲ್ಲವೋ ಹೇಗೆ ನೋಡುವುದು?

ಮೊದಲು ಎಲ್ಲ ತಂತಿ ಬಿಚ್ಚಿ. ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಡಿ, ಒಳಗಿನ ಕೆಪಾಸಿಟರ್ ಖಾಲಿಯಾಗಲಿ. ಆಮೇಲೆ ಮಲ್ಟಿಮೀಟರನ್ನು ಬೀಪ್ ಬರುವ ಕಡೆ ಇಟ್ಟು ಇನ್‌ಪುಟ್ ಮೈನಸ್, ಔಟ್‌ಪುಟ್ ಮೈನಸ್ ಮುಟ್ಟಿಸಿ. ಬೀಪ್ ಬಂದರೆ ಐಸೊಲೇಷನ್ ಇಲ್ಲ, ಅಲ್ಲಿಗೆ ಮುಗಿಯಿತು.

ಬೀಪ್ ಬರಲಿಲ್ಲ ಅಂದ ಮಾತ್ರಕ್ಕೆ ಐಸೊಲೇಷನ್ ಇದೆ ಅಂತ ಅಲ್ಲ. ನಡುವೆ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಡಯೋಡ್ ಇರಬಹುದು, ಮಾಸ್‌ಫೆಟ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಇರಬಹುದು. ಹಾಗಾಗಿ ಡಯೋಡ್ ರೇಂಜಿನಲ್ಲಿ ಎರಡೂ ದಿಕ್ಕಿನಲ್ಲಿ ನೋಡಿ. ಮೆಗಾಓಮ್ ರೇಂಜಿನಲ್ಲಿ ಪ್ರತಿ ಇನ್‌ಪುಟ್ ಪಿನ್ನಿನಿಂದ ಪ್ರತಿ ಔಟ್‌ಪುಟ್ ತುದಿಗೆ ನೋಡಿ. ಮೂರು ಪಿನ್ ಇದ್ದರೆ ಅರ್ತ್ ಪಿನ್ ಮರೆಯಬೇಡಿ, ಗುಟ್ಟು ಎಷ್ಟೋ ಸಲ ಅಲ್ಲೇ ಇರುತ್ತದೆ.

ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ಇದ್ದರೆ ಇನ್ನೂ ಒಳ್ಳೆಯದು. ಇನ್‌ಪುಟ್‌ನ ಎರಡು ಪಿನ್ ಒಟ್ಟಿಗೆ ಕಟ್ಟಿ, ಔಟ್‌ಪುಟ್‌ನ ಎರಡು ತುದಿ ಒಟ್ಟಿಗೆ ಕಟ್ಟಿ. ನಡುವೆ 500 ವೋಲ್ಟ್ ಡಿಸಿ ಕೊಟ್ಟು ಒಂದು ನಿಮಿಷ ನೋಡಿ. ಒಳ್ಳೆಯ ಅಡಾಪ್ಟರ್ ಆದರೆ ನೂರು ಮೆಗಾಓಮ್‌ಗಿಂತ ಮೇಲೆ ತೋರಿಸುತ್ತದೆ. ಔಟ್‌ಪುಟ್‌ನ ಪ್ಲಸ್ ಮೈನಸ್ ನಡುವೆ ಮಾತ್ರ ಮೆಗ್ಗರ್ ಹಾಕಬೇಡಿ, ಸುಟ್ಟು ಹೋಗುತ್ತದೆ.

ಕೊಳ್ಳುವಾಗ ಎರಡು ಗುರುತು ನೋಡಿ. ಚೌಕದೊಳಗೊಂದು ಚೌಕ ಇದ್ದರೆ ಡಬಲ್ ಇನ್ಸುಲೇಷನ್ ಅಂತ ಅರ್ಥ. ಜೊತೆಗೆ ಬಿಐಎಸ್ ಗುರುತು, ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಗುರುತು ಅಚ್ಚು ಹಾಕಿಸುವುದು ಸುಲಭ ಅನ್ನುವುದೂ ನಿಜ. ಒಮ್ಮೆ ಎರಡೂ ಗುರುತು ಇದ್ದ ಅಗ್ಗದ ಅಡಾಪ್ಟರ್ ಬಿಚ್ಚಿ ನೋಡಿದೆ. ಬೋರ್ಡಿನಲ್ಲಿ 230 ವೋಲ್ಟ್ ಕಡೆಯ ತಾಮ್ರಕ್ಕೂ 5 ವೋಲ್ಟ್ ಕಡೆಯ ತಾಮ್ರಕ್ಕೂ ಒಂದು ಮಿಲಿಮೀಟರ್ ಅಂತರವೂ ಇರಲಿಲ್ಲ. ಚೆನ್ನಾಗಿ ಮಾಡಿದ ಬೋರ್ಡಿನಲ್ಲಿ 5-6 ಮಿಲಿಮೀಟರ್ ಇರುತ್ತದೆ. ಆಪ್ಟೋಕಪ್ಲರ್ ಕೆಳಗೆ ಬೋರ್ಡನ್ನೇ ಸೀಳಿ ಸಂದು ಬಿಟ್ಟಿರುತ್ತಾರೆ. ಆ ಸಂದು ಕಂಡರೆ ಮಾಡಿದವರು ಯೋಚಿಸಿ ಮಾಡಿದ್ದಾರೆ ಅನ್ನುವ ನಂಬಿಕೆ ಬರುತ್ತದೆ.

ಹಳೆಯ ಕಂಪ್ಯೂಟರ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಎರಡು ಇವೆ. ಅವುಗಳ 12 ವೋಲ್ಟ್ ಸೇರಿಸಿ 24 ಮಾಡಲೇ?

ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಊರ ಹಬ್ಬದಲ್ಲಿ ಆಂಪ್ಲಿಫೈಯರಿಗೆ 24 ವೋಲ್ಟ್ ಬೇಕಾಗಿತ್ತು. ಎರಡು ಹಳೆಯ ಎಸ್‌ಎಂಪಿಎಸ್ ಇದ್ದವು, 230 ವೋಲ್ಟ್‌ನಿಂದ ಐಸೊಲೇಷನ್ ಇದ್ದೇ ಇರುತ್ತದೆ ಅಂತ ಧೈರ್ಯವಾಗಿ ಒಂದರ ಹಳದಿ (ಪ್ಲಸ್ 12) ತಂತಿಯನ್ನು ಇನ್ನೊಂದರ ಕಪ್ಪು (ಮೈನಸ್) ತಂತಿಗೆ ಸೇರಿಸಿದೆ. ಫಟ್ ಅಂತ ಕಿಡಿ ಹಾರಿತು, ಎರಡೂ ನಿಂತುಹೋದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ನಾನು ಅಂದುಕೊಂಡದ್ದು ಅರ್ಧ ಸರಿ. ಫೇಸ್, ನ್ಯೂಟ್ರಲ್‌ನಿಂದ ಐಸೊಲೇಷನ್ ಇತ್ತು. ಆದರೆ ಕಂಪ್ಯೂಟರ್ ಎಸ್‌ಎಂಪಿಎಸ್‌ನಲ್ಲಿ ಕಪ್ಪು ತಂತಿ ತಗಡಿನ ಡಬ್ಬಿಗೆ ಸೇರಿರುತ್ತದೆ. ಡಬ್ಬಿ ಅರ್ತ್ ಪಿನ್ನಿಗೆ ಸೇರಿರುತ್ತದೆ. ಎರಡೂ ಪ್ಲಗ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ. ಹಾಗಾಗಿ ಅರ್ತಿಂಗ್ ತಂತಿಯ ಮೂಲಕ ಎರಡರ ಮೈನಸ್ ಒಂದೇ. ಮೇಲಿನ ಬಕ್ ಕನ್ವರ್ಟರ್ ಕಥೆಯೇ ಇದು, ದಾರಿ ಮಾತ್ರ ಸ್ವಲ್ಪ ಉದ್ದ.

ಅರ್ತ್ ಪಿನ್ ಕತ್ತರಿಸಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪಿನ್ ಕತ್ತರಿಸಿದರೆ 24 ವೋಲ್ಟ್ ಬರಬಹುದು, ಎರಡು ಡಬ್ಬಿಗಳು ಒಂದಕ್ಕೊಂದು ತಗುಲದೆ ಇರುವ ತನಕ. ಆದರೆ ಒಳಗೆ ಎಲ್ಲಾದರೂ ಫೇಸ್ ತಗಡಿಗೆ ಮುಟ್ಟಿದರೆ ಫ್ಯೂಸ್ ಹೋಗುವುದಿಲ್ಲ, ಮುಟ್ಟಿದವರ ಜೀವ ಹೋಗುತ್ತದೆ. ಎಲ್‌ಇಡಿ ಸ್ಟ್ರಿಪ್‌ಗೆ ಮಾರುವ 24 ವೋಲ್ಟ್ ಸಪ್ಲೈ ಒಂದನ್ನು ಕೊಂಡುಬಿಡಿ.

ಸೀರೀಸ್ ಮಾಡಿದಾಗ ಡಯೋಡ್ ಹಾಕಬೇಕು ಅಂತಾರೆ. ಯಾಕೆ?

ಎರಡೂ ಸಪ್ಲೈ ಒಂದೇ ಕ್ಷಣದಲ್ಲಿ ಶುರುವಾಗುವುದಿಲ್ಲ. ಒಂದು ಬೇಗ, ಇನ್ನೊಂದು ಸ್ವಲ್ಪ ತಡ. ಬೇಗ ಎದ್ದದ್ದು ಲೋಡಿಗೆ ಕರೆಂಟ್ ತಳ್ಳುತ್ತದೆ. ಆ ಕರೆಂಟು ಇನ್ನೂ ಏಳದ ಸಪ್ಲೈ ಒಳಗಿನಿಂದಲೇ ಹಾದು ಬರಬೇಕು, ಬೇರೆ ದಾರಿ ಇಲ್ಲ. ಆಗ ಅದರ ಔಟ್‌ಪುಟ್ ತಿರುಗುಮುರುಗಾಗುತ್ತದೆ, ಪ್ಲಸ್ ಕಡೆ ಮೈನಸ್ ಆಗುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ ಅದು ಆಗುವುದಿಲ್ಲ. ಒಂದು ಸಪ್ಲೈ ಓವರ್‌ಲೋಡ್ ಆಗಿ ನಿಂತಾಗಲೂ ಹೀಗೇ ಆಗುತ್ತದೆ.

ಅದಕ್ಕೆ ಪ್ರತಿ ಸಪ್ಲೈನ ಔಟ್‌ಪುಟ್‌ಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿ. ಗೆರೆ ಇರುವ ತುದಿ ಪ್ಲಸ್‌ಗೆ, ಇನ್ನೊಂದು ತುದಿ ಮೈನಸ್‌ಗೆ. ಸಾಮಾನ್ಯ ಹೊತ್ತಿನಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಸಪ್ಲೈ ಸತ್ತಾಗ ಕರೆಂಟಿಗೆ ಪಕ್ಕದ ದಾರಿ ಬಿಡುತ್ತದೆ. ಶಾಟ್ಕಿ ಡಯೋಡ್ ಆದರೆ ಒಳ್ಳೆಯದು, ಅದರ ಮೇಲೆ ಬೀಳುವ ವೋಲ್ಟೇಜ್ ಕಡಿಮೆ. 2 ಆಂಪ್ ಸಪ್ಲೈಗೆ 1ಎನ್5822 ಸಾಕು, ಅದು 3 ಆಂಪ್, 40 ವೋಲ್ಟ್‌ನದು. ದೊಡ್ಡ ಸಪ್ಲೈ ಆದರೆ ಅದು ಕೊಡಬಲ್ಲ ಗರಿಷ್ಠ ಕರೆಂಟಿಗಿಂತ ಮೇಲಿನದನ್ನು ಆರಿಸಿ. ಡಯೋಡ್ ತಿರುಗಿಸಿ ಹಾಕಿದರೆ ಸಪ್ಲೈ ಶಾರ್ಟ್ ಆಗುತ್ತದೆ, ಬೆಸುಗೆ ಹಾಕುವ ಮೊದಲು ಗೆರೆ ಇನ್ನೊಮ್ಮೆ ನೋಡಿ.

ಎರಡು ಡಯೋಡಿಗೆ ಬಹಳ ದುಡ್ಡೇನೂ ಆಗುವುದಿಲ್ಲ. ಹಾಕದೆ ವರ್ಷಗಟ್ಟಲೆ ಓಡಿದವೂ ಇವೆ, ಆದರೂ ನಾನು ಹಾಕದೆ ಕೊಡುವುದಿಲ್ಲ.

ಒಂದು 5 ಆಂಪ್, ಇನ್ನೊಂದು 2 ಆಂಪ್. ಎಷ್ಟು ಎಳೆಯಬಹುದು?

2 ಆಂಪ್. ಹಬ್ಬಕ್ಕೆ ಹಾಕುವ ಸೀರಿಯಲ್ ಸೆಟ್ ನೆನಪಿಸಿಕೊಳ್ಳಿ, ಒಂದು ಬಲ್ಬಿನಲ್ಲಿ ಹರಿದ ಕರೆಂಟೇ ಎಲ್ಲದರಲ್ಲೂ ಹರಿಯುತ್ತದೆ. ವೋಲ್ಟೇಜ್ ಬೇರೆ ಬೇರೆ ಇದ್ದರೂ ಅಡ್ಡಿಯಿಲ್ಲ, 12ಕ್ಕೆ 5 ಸೇರಿದರೆ 17.

ಆಪ್‌ಆಂಪ್‌ಗೆ (ಸಿಗ್ನಲ್ ದೊಡ್ಡದು ಮಾಡುವ ಐಸಿಗೆ) ಪ್ಲಸ್ 12, ಮೈನಸ್ 12 ಬೇಕು. ಇದೇ ಉಪಾಯ ಆಗುತ್ತದಾ?

ಚೆನ್ನಾಗಿ ಆಗುತ್ತದೆ. ಐಸೊಲೇಟೆಡ್ ಅಡಾಪ್ಟರ್ ಎರಡನ್ನು ಸೀರೀಸ್ ಮಾಡಿ, ನಡುವಿನ ಜೋಡಣೆಯನ್ನು ಗ್ರೌಂಡ್ ಅಂತ ಕರೆಯಿರಿ. ಸೊನ್ನೆ ಎಲ್ಲಿಡಬೇಕು ಅನ್ನುವುದು ನಮ್ಮ ಕೈಯಲ್ಲಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಹೀಗೆ ಎಷ್ಟು ಬೇಕಾದರೂ ಪೇರಿಸಬಹುದಾ?

ಇಲ್ಲ. ಮೂರು ಮಿತಿ ಇವೆ.

ಮೊದಲನೆಯದು ನಿಮ್ಮ ಮೈ. ಒಣಗಿದ ಕೈಗೆ 60 ವೋಲ್ಟ್ ಡಿಸಿ ತನಕ ಅಪಾಯ ಕಡಿಮೆ ಅಂತ ಸುರಕ್ಷತಾ ಮಾನದಂಡಗಳು ಲೆಕ್ಕ ಹಾಕುತ್ತವೆ. ಒದ್ದೆ ಕೈ, ಒದ್ದೆ ನೆಲ ಆದರೆ ಆ ಲೆಕ್ಕ ನಡೆಯುವುದಿಲ್ಲ. ನಾಲ್ಕು 12 ಸೇರಿ 48 ಆಯಿತು, ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಎರಡನೆಯದು ಮೇಲಿನ ಸಪ್ಲೈನ ತಾಳಿಕೆ. ಎಲ್ಲಕ್ಕಿಂತ ಮೇಲೆ ಕೂತ ಸಪ್ಲೈನ ಔಟ್‌ಪುಟ್, ಕೆಳಗಿನ ಎಲ್ಲದರ ಒಟ್ಟು ವೋಲ್ಟೇಜ್ ಮೇಲೆ ಕೂತಿರುತ್ತದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಪ್ಯಾನೆಲ್‌ಗಳಲ್ಲಿ ಸಿಗುವಂಥ ತಗಡಿನ ಡಬ್ಬಿಯ 24 ವೋಲ್ಟ್ ಸಪ್ಲೈ ತೆಗೆದುಕೊಳ್ಳಿ. ಒಳ್ಳೆಯವುಗಳಲ್ಲಿ ಇನ್‌ಪುಟ್‌ನಿಂದ ಔಟ್‌ಪುಟ್‌ಗೆ 3000 ವೋಲ್ಟ್ ಎಸಿ ಪರೀಕ್ಷೆ ಆಗಿರುತ್ತದೆ. ಆದರೆ ಔಟ್‌ಪುಟ್‌ನಿಂದ ಡಬ್ಬಿಗೆ ಎಷ್ಟೋ ಸಲ 500 ವೋಲ್ಟ್ ಮಾತ್ರ. ಪೇರಿಸುವಾಗ ಲೆಕ್ಕಕ್ಕೆ ಬರುವುದು ಈ ಎರಡನೇ ಸಂಖ್ಯೆ. ಡೇಟಾಶೀಟ್‌ನಲ್ಲಿ ಹುಡುಕಿ ನೋಡಿ. ಅದೂ ನಿಮಿಷದ ಪರೀಕ್ಷೆ, ಹಗಲು ರಾತ್ರಿ ಹೊರುವ ಭಾರವಲ್ಲ.

ಮೂರನೆಯದು ಸ್ವಿಚ್ಚು. ಮನೆಯ 230 ವೋಲ್ಟ್ ಎಸಿ ಸ್ವಿಚ್ಚನ್ನು 48 ವೋಲ್ಟ್ ಡಿಸಿಗೆ ಹಾಕುತ್ತಾರೆ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ತಾನೇ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಎಳೆದುಕೊಂಡು ಉರಿಯುತ್ತದೆ. ಡಿಸಿ ರೇಟಿಂಗ್ ಇರುವ ಸ್ವಿಚ್ಚನ್ನೇ ಹಾಕಿ.

ಇನ್ನೊಂದು ಮಾತು. ಪೇರಿಸಿದ ಸಾಲಿನಲ್ಲಿ ಅರ್ತ್ ಮಾಡುವುದಾದರೆ ಒಂದೇ ಒಂದು ಜಾಗದಲ್ಲಿ ಮಾಡಿ. ಎರಡು ಕಡೆ ಮಾಡಿದರೆ ನಡುವಿನ ಸಪ್ಲೈ ಶಾರ್ಟ್.

1000 ವೋಲ್ಟ್ ಐಸೊಲೇಷನ್ ಅಂತ ಬರೆದ ಚಿಕ್ಕ ಮಾಡ್ಯೂಲ್ ತಂದಿದ್ದೇನೆ. 230 ವೋಲ್ಟ್‌ನಿಂದ ಕಾಪಾಡಲು ಸಾಕಲ್ವಾ?

ಸಾಲದು. ಬಿ0505ಎಸ್ ಥರದ, ನಾಲ್ಕು ಕಾಲಿನ, ಒಂದು ವಾಟಿನ ಮಾಡ್ಯೂಲ್‌ಗಳು ಸೆನ್ಸರ್‌ಗಳ ಗ್ರೌಂಡ್ ಬೇರೆ ಮಾಡಲು, ಸಿಗ್ನಲ್‌ನಲ್ಲಿ ಗಲಾಟೆ ಕಡಿಮೆ ಮಾಡಲು ಬಹಳ ಉಪಯೋಗ. ಆದರೆ ಅವುಗಳ ಒಳಗೆ ಎರಡು ಸುರುಳಿಗಳ ನಡುವೆ ಹೆಚ್ಚಾಗಿ ಇರುವುದು ತಂತಿಯ ಮೇಲಿನ ತೆಳ್ಳಗಿನ ವಾರ್ನಿಷ್ ಮಾತ್ರ. ಅಲ್ಪ ಹೊತ್ತು 1000 ವೋಲ್ಟ್ ತಡೆಯುವುದು ಬೇರೆ. ವರ್ಷಗಟ್ಟಲೆ 230 ವೋಲ್ಟ್ ತಡೆದು, ಇನ್ನೊಂದು ಬದಿಯಲ್ಲಿ ಮನುಷ್ಯನ ಕೈ ಇರುವುದು ಬೇರೆ. ಎರಡನೆಯದಕ್ಕೆ ರೀಇನ್ಫೋರ್ಸ್ಡ್ ಇನ್ಸುಲೇಷನ್ (ಡಬಲ್ ಇನ್ಸುಲೇಷನ್‌ನಷ್ಟೇ ಭದ್ರವಾದದ್ದು) ಅಂತ ಸ್ಪಷ್ಟವಾಗಿ ಬರೆದಿರುವುದೇ ಬೇಕು.

ಅಡಾಪ್ಟರ್ ಐಸೊಲೇಟೆಡ್ ಆಗಿದ್ದರೂ ಲೋಹದ ಭಾಗ ಮುಟ್ಟಿದರೆ ಜುಮ್ ಅನ್ನುತ್ತದೆ. ಕೆಟ್ಟಿದೆಯಾ?

ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ರೇಡಿಯೊ ಗಲಾಟೆ ತಡೆಯಲು ಎರಡು ಬದಿಯ ನಡುವೆ ವೈ ಕೆಪಾಸಿಟರ್ ಅನ್ನುವ ಚಿಕ್ಕ ನೀಲಿ ಬಿಲ್ಲೆ ಇರುತ್ತದೆ. 2.2 ನ್ಯಾನೋಫ್ಯಾರಡ್ ಇದ್ದರೆ, ಪೂರ್ತಿ 230 ವೋಲ್ಟ್ ಅದರ ಮೇಲೆ ಬಿದ್ದರೂ 50 ಹರ್ಟ್ಸ್‌ನಲ್ಲಿ ಹರಿಯುವುದು ಸುಮಾರು 0.16 ಮಿಲಿಆಂಪ್. ಡಿಜಿಟಲ್ ಮೀಟರಿನಲ್ಲಿ ಅರ್ತ್‌ಗೆ ನೋಡಿದರೆ ನೂರರ ಆಸುಪಾಸು ವೋಲ್ಟ್ ತೋರಿಸಿ ಗಾಬರಿ ಹುಟ್ಟಿಸುತ್ತದೆ. ಟೆಸ್ಟರ್ ಕೂಡ ಮಿಣುಕಬಹುದು. ಹಿಂದೆ ಕರೆಂಟಿನ ಬಲ ಇರುವುದಿಲ್ಲ.

ಆದರೆ ನಾಲ್ಕು ಅಡಾಪ್ಟರ್ ಪೇರಿಸಿದರೆ ನಾಲ್ಕರ ಸೋರಿಕೆಯೂ ಸೇರುತ್ತದೆ, ಜುಮ್ ಜಾಸ್ತಿಯಾಗುತ್ತದೆ. ಮತ್ತು ಜುಮ್ ಅನ್ನುವ ಬದಲು ಎಳೆದು ಹೊಡೆದರೆ ಅದು ಬೇರೆಯೇ ಸಂಗತಿ. ತಕ್ಷಣ ತೆಗೆದು ಪಕ್ಕಕ್ಕಿಡಿ.

ಅಮೆರಿಕದಿಂದ ಮಗಳು ತಂದ ಮಿಕ್ಸರ್‌ಗೆ 230ರಿಂದ 110ಕ್ಕೆ ಇಳಿಸುವ ಕನ್ವರ್ಟರ್ ಇದೆ. ಶಾಕ್ ಹೊಡೆಯುವುದಿಲ್ಲ ಅಲ್ವಾ?

ಹೊಡೆಯುತ್ತದೆ. ಕುವೆಂಪುನಗರ, ವಿಜಯನಗರದಿಂದ ಈ ಡಬ್ಬಿಗಳು ಬಹಳ ಬರುತ್ತವೆ. ಹೆಚ್ಚಿನವು ಆಟೋಟ್ರಾನ್ಸ್‌ಫಾರ್ಮರ್. ಒಂದೇ ಸುರುಳಿ, ನಡುವೆ ಒಂದು ಕವಲು ಅಷ್ಟೇ. ವೋಲ್ಟೇಜ್ ಇಳಿಯುತ್ತದೆ, ಐಸೊಲೇಷನ್ ಇರುವುದಿಲ್ಲ. ಎರಡು ಪಿನ್ ಪ್ಲಗ್ ತಿರುಗಿಸಿ ಹಾಕಿದರೆ 110 ವೋಲ್ಟ್‌ನ ಒಂದು ತುದಿ ನೆಲದಿಂದ ಪೂರ್ತಿ 230 ವೋಲ್ಟ್ ಮೇಲೆ ಇರುತ್ತದೆ. ಮನೆಯ ಸ್ಟೆಬಿಲೈಸರ್ ಕೂಡ ಸಾಮಾನ್ಯವಾಗಿ ಇದೇ ಜಾತಿ. ಇಂಥ ಎರಡರ ಔಟ್‌ಪುಟ್‌ಗಳನ್ನು ಸೀರೀಸ್ ಮಾಡಲು ಹೋದರೆ ಶಾರ್ಟ್ ಖಂಡಿತ.

ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ನಿಶ್ಚಿಂತೆಯಾ?

ಬೀದಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ ನ್ಯೂಟ್ರಲ್ ಅನ್ನು ಭೂಮಿಗೆ ಕಟ್ಟಿರುತ್ತಾರೆ. ಅದಕ್ಕೇ ನೆಲದ ಮೇಲೆ ನಿಂತು ಫೇಸ್ ಮುಟ್ಟಿದರೆ ಶಾಕ್. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಆ ಕಟ್ಟು ಬಿಡಿಸುತ್ತದೆ. ಒಂದು ತಂತಿ ಮುಟ್ಟಿದರೆ ಏನೂ ಆಗುವುದಿಲ್ಲ. ಎರಡು ತಂತಿ ಮುಟ್ಟಿದರೆ ಅದೇ 230, ಅದೇ ಸಾವು.

ಇನ್ನೂ ಒಂದು ತೊಂದರೆ ಇದೆ. ನಿಮ್ಮ ಮನೆಯ 30 ಮಿಲಿಆಂಪ್ ಆರ್‌ಸಿಸಿಬಿಗೆ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚಿಗೆ) ಟ್ರಾನ್ಸ್‌ಫಾರ್ಮರ್ ಆಚೆ ನಡೆಯುವುದು ಕಾಣುವುದಿಲ್ಲ, ಅದು ಟ್ರಿಪ್ ಆಗುವುದಿಲ್ಲ. ಆಚೆ ಬದಿಯ ಒಂದು ತಂತಿ ಎಲ್ಲಾದರೂ ಅರ್ತ್‌ಗೆ ತಗುಲಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆವತ್ತಿನಿಂದ ಇನ್ನೊಂದು ತಂತಿ ಹೊಸ ಫೇಸ್. ಹಾಗಾಗಿ ಒಂದು ಟ್ರಾನ್ಸ್‌ಫಾರ್ಮರಿಗೆ ಒಂದೇ ಉಪಕರಣ ಹಾಕಿ. ರಿಪೇರಿ ಬೆಂಚಿನಲ್ಲಿ ನಾನು ಅದರ ಜೊತೆಗೆ ಸೀರೀಸ್ ಬಲ್ಬ್ ಕೂಡ ಇಟ್ಟಿರುತ್ತೇನೆ, ಶಾರ್ಟ್ ಇದ್ದರೆ ಬಲ್ಬ್ ಉರಿದು ಕರೆಂಟನ್ನು ಮಿತಿಯಲ್ಲಿಡುತ್ತದೆ.

ಕಬ್ಬಿನ ಲಾರಿಯಲ್ಲಿ 24 ವೋಲ್ಟ್. 12 ವೋಲ್ಟ್ ಸ್ಟೀರಿಯೊಗೆ ಐಸೊಲೇಟೆಡ್ ಕನ್ವರ್ಟರ್ ಬೇಕಾ?

ಬೇಡ. ಇಲ್ಲಿ ಮೈನಸ್ ಒಂದೇ ಇರುವುದೇ ಒಳ್ಳೆಯದು. ಲಾರಿಯ ಚಾಸಿಯೇ ಎಲ್ಲರ ಮೈನಸ್. 24ರಿಂದ 12ಕ್ಕೆ ಇಳಿಸುವ ಸಾದಾ ಕನ್ವರ್ಟರ್ ಸಾಕು. ಎರಡು ಬ್ಯಾಟರಿಯಲ್ಲಿ ಕೆಳಗಿನ ಒಂದರಿಂದ ಮಾತ್ರ 12 ವೋಲ್ಟ್ ತೆಗೆಯಬೇಡಿ. ಅದು ಸೊರಗುತ್ತದೆ, ಮೇಲಿನದು ಅತಿಯಾಗಿ ಚಾರ್ಜ್ ಆಗುತ್ತದೆ, ಕೊನೆಗೆ ಎರಡೂ ಹಾಳಾಗುತ್ತವೆ.

ಸೋಲಾರ್ ಚಾರ್ಜ್ ಕಂಟ್ರೋಲರ್ ಲೋಡಿಗೆ ಬಕ್ ಬೋರ್ಡ್ ಹಾಕಿದ ಮೇಲೆ ಬ್ಯಾಟರಿ ಪೂರ್ತಿ ಖಾಲಿಯಾಗುತ್ತಿದೆ. ಯಾಕೆ?

ಅಗ್ಗದ ಪಿಡಬ್ಲ್ಯುಎಂ (ಸ್ವಿಚ್ ಹಾಕಿ ತೆಗೆದು ಚಾರ್ಜ್ ಹತೋಟಿಯಲ್ಲಿಡುವ) ಕಂಟ್ರೋಲರ್‌ಗಳಲ್ಲಿ ಎಷ್ಟೋ ಕಾಮನ್ ಪಾಸಿಟಿವ್. ಅಂದರೆ ಪ್ಲಸ್ ಎಲ್ಲ ಒಂದೇ, ಬ್ಯಾಟರಿ ಇಳಿದಾಗ ಲೋಡ್ ಕಡಿಯುವ ಸ್ವಿಚ್ ಮೈನಸ್ ಕಡೆ ಇರುತ್ತದೆ. ನಿಮ್ಮ ಲೋಡಿನ ಮೈನಸ್ ಬೇರೆ ಯಾವುದೋ ತಂತಿಯಿಂದ, ತಗಡಿನ ಪೆಟ್ಟಿಗೆಯಿಂದ, ಬ್ಯಾಟರಿ ಮೈನಸ್‌ಗೆ ಸೇರಿದ್ದರೆ ಆ ಸ್ವಿಚ್ಚಿಗೆ ಕೆಲಸವೇ ಇಲ್ಲ. ಮೈನಸ್ ಅಂತ ಬರೆದಿದ್ದೆಲ್ಲ ಒಂದೇ ಮೈನಸ್ ಅಲ್ಲ. ಆ ಹೆಚ್ಚಿನ ತಂತಿ ಹುಡುಕಿ ಬಿಚ್ಚಿ.

ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್‌ಗೆ ಕೊಡುವುದೂ ಸೀರೀಸ್ ಅಲ್ವಾ?

ಅದನ್ನು ಕ್ಯಾಸ್ಕೇಡ್ ಅನ್ನುತ್ತಾರೆ. ಅಲ್ಲಿ ವೋಲ್ಟೇಜ್ ಕೂಡುವುದಿಲ್ಲ, ನಷ್ಟ ಮಾತ್ರ ಮೇಲಿಂದ ಮೇಲೆ ಬೀಳುತ್ತದೆ. ಎರಡೂ ನೂರಕ್ಕೆ 90 ಆದರೆ ಒಟ್ಟು 81. ಇದರಲ್ಲಿ ಒಂದು ಅನುಕೂಲ ಇದೆ. ಸಾಲಿನಲ್ಲಿ ಮೊದಲನೆಯದು ಸರಿಯಾದ ಐಸೊಲೇಟೆಡ್ ಅಡಾಪ್ಟರ್ ಆದರೆ, ಅದರ ಹಿಂದೆ ಬರುವ ಸಾದಾ ಬಕ್ ಬೋರ್ಡು ಕೂಡ 230 ವೋಲ್ಟ್‌ನಿಂದ ದೂರವೇ. ಆದರೆ ಅದೇ ಅಡಾಪ್ಟರಿನಿಂದ ಓಡುವ ಎರಡು ಬಕ್ ಬೋರ್ಡುಗಳ ಮೈನಸ್ ಒಂದೇ ಅನ್ನುವುದು ನೆನಪಿರಲಿ.

ನೀರಿನ ತೊಟ್ಟಿಯ ಸೆನ್ಸರ್ ಬೋರ್ಡಿಗೆ 5 ವೋಲ್ಟ್ ಸಾಕು. ಟ್ರಾನ್ಸ್‌ಫಾರ್ಮರ್ ಇಲ್ಲದ ಚಿಕ್ಕ ಬೋರ್ಡ್ ಸಾಕಾಗುವುದಿಲ್ಲವಾ?

ಮದ್ದೂರು ಕಡೆಯ ರೈತರೊಬ್ಬರು ಪಂಪ್‌ಸೆಟ್‌ನ ಆಟೋ ಸ್ಟಾರ್ಟರ್ ಬೋರ್ಡ್ ತಂದಿದ್ದರು. ತೊಟ್ಟಿ ತುಂಬಿದರೆ ಮೋಟಾರ್ ನಿಲ್ಲಿಸಲು ನೀರಿಗೆ ಎರಡು ತಂತಿ ಇಳಿಬಿಟ್ಟಿದ್ದರು. "ನೀರು ಮುಟ್ಟುದ್ರೆ ಜುಮ್ ಅಂತದೆ ಸಾ. ದನ ಬಾಯಿ ಹಾಕಕ್ಕೆ ಹೆದರ್ತವೆ" ಅಂದರು. ದನ ಹೆದರಿದ್ದು ಕೇಳಿ ನನಗೆ ಎದೆ ಧಸಕ್ ಅಂತು.

ಬೋರ್ಡ್ ಬಿಚ್ಚಿದೆ. ಒಂದು ಮೈಕ್ರೋಫ್ಯಾರಡ್‌ನ ದೊಡ್ಡ ಕೆಪಾಸಿಟರ್, ನಾಲ್ಕು ಡಯೋಡ್, ವೋಲ್ಟೇಜನ್ನು 5ಕ್ಕೆ ಹಿಡಿದಿಡುವ ಒಂದು ಜೀನರ್ ಡಯೋಡ್. ಟ್ರಾನ್ಸ್‌ಫಾರ್ಮರ್ ಇಲ್ಲ. 230 ವೋಲ್ಟ್‌ನಲ್ಲಿ ಇಂಥ ಕೆಪಾಸಿಟರ್ ಸುಮಾರು 70 ಮಿಲಿಆಂಪ್ ಬಿಡುತ್ತದೆ. ಪ್ಲಸ್ ಮೈನಸ್ ನಡುವೆ ನೋಡಿದರೆ ಸರಿಯಾಗಿ 5 ವೋಲ್ಟ್. ಆದರೆ ಆ 5 ವೋಲ್ಟ್ ಕೂತಿರುವುದು ಲೈನಿನ ಮೇಲೆ. ಹೊಲದ ಪ್ಯಾನೆಲ್‌ಗಳಲ್ಲಿ ಎಷ್ಟೋ ಕಡೆ ನ್ಯೂಟ್ರಲ್ ತಂತಿಯೇ ಇರುವುದಿಲ್ಲ, ಬೋರ್ಡನ್ನು ಎರಡು ಫೇಸ್ ನಡುವೆ ಹಾಕಿರುತ್ತಾರೆ. ಆಗ ಪ್ಲಗ್ ತಿರುಗಿಸಿ ಹಾಕಿದರೂ ಪ್ರಯೋಜನ ಇಲ್ಲ. ಮೈನಸ್ ಯಾವಾಗಲೂ ಜೀವಂತ. ಅದೇ ಮೈನಸ್ ತೊಟ್ಟಿಯ ನೀರಿನಲ್ಲಿತ್ತು.

ಕೆಪಾಸಿಟರ್ ಸಪ್ಲೈ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಪೂರ್ತಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯ ಒಳಗೆ, ಯಾವ ತಂತಿಯೂ ಹೊರಗೆ ಬಾರದ ಕಡೆ ಅದು ಸರಿ. ಅಗ್ಗದ ಎಲ್‌ಇಡಿ ಬಲ್ಬಿನ ಒಳಗೆ ಇರುತ್ತದೆ. ಮನುಷ್ಯರು, ದನಕರುಗಳು ಮುಟ್ಟುವ ಕಡೆಗೆ ಅದರಿಂದ ಒಂದು ಎಳೆ ತಂತಿಯೂ ಹೋಗಬಾರದು.

ನಿಮ್ಮ ತೊಟ್ಟಿಯಲ್ಲಿ ಸೆನ್ಸರ್ ಇದ್ದರೆ ಇವತ್ತೇ ನೋಡಿ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಳ್ಳಿ. ಬೋರ್ಡಿಗೆ ಬರುವ ಲೈನ್ ತಂತಿಗಳನ್ನು ಬಿಚ್ಚಿ. ಆಮೇಲೆ ಆ ಒಂದೊಂದು ತುದಿಯಿಂದಲೂ ನೀರಿಗೆ ಹೋಗುವ ಒಂದೊಂದು ತಂತಿಗೆ ಮೆಗಾಓಮ್ ರೇಂಜಿನಲ್ಲಿ ಅಳೆಯಿರಿ. ಎರಡೂ ದಿಕ್ಕಿನಲ್ಲಿ ಏನೂ ತೋರಿಸಬಾರದು. ಏನಾದರೂ ತೋರಿಸಿದರೆ ಆ ಬೋರ್ಡ್ ನೀರಿಗೆ ಬೇಡ. ಅಳೆಯಲು ಬಾರದಿದ್ದರೆ ಗೊತ್ತಿರುವವರನ್ನು ಕರೆಸಿ, ಅಲ್ಲಿಯ ತನಕ ಸೆನ್ಸರ್ ತಂತಿ ನೀರಿನಿಂದ ಹೊರಗಿರಲಿ.

ಆ ರೈತರ ಬೋರ್ಡಿನಲ್ಲಿ ಕೆಪಾಸಿಟರ್ ತೆಗೆದೆ. ಎರಡು ಫೇಸ್ ನಡುವಿನ 415 ವೋಲ್ಟ್‌ಗೆ ಅಂತಲೇ ಮಾಡಿದ, ಸುರುಳಿ ಬೇರೆ ಬೇರೆ ಇರುವ ಚಿಕ್ಕ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಕೂರಿಸಿದೆ. ಮೆಗ್ಗರ್ ಹಾಕಿ ಅವರಿಗೇ ಮುಳ್ಳು ತೋರಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. ದನ ನೀರು ಕುಡಿಯುತ್ತಿವೆ ಅಂದರು.